ಮನಿಷಾ ಅನ್ನಬೇಕಾದ ಹೂಂ

ಬೆಳಗಾವಿಯೆಂಬ ಊರು, ಅದರಲ್ಲಿ ಹಿಂದವಾಡಿಯೆಂಬ ಬಡಾವಣೆ, ಅಲ್ಲಿ ಪದ್ಮಶ್ರೀ ಎಂಬುವಳು ಒಂದೇ ಒಂದು ‘ಹೂಂ’ ಕೇಳಲೆಂದು ಫೋನ್ ಹಿಡಿದು ಕೂತಿದ್ದಳು. ಬರೆದ ಪ್ರೋಗ್ರಾಮಿನ ತುಂಡುಗಳನ್ನೆಲ್ಲ ಜೋಡಿಸಿ ಓಡುವಂತೆ ಮಾಡುವ ಪುಕ್ಕಟೆ ಸಾಫ್ಟ್‌ವೇರ್ ಅವಳ ಗುಂಪಿನದು. ಹೊಸ ಆವೃತ್ತಿಯನ್ನು ಮಾಡಿದವರಲ್ಲದೆ ಇನ್ನೊಬ್ಬರು ಓಡಿಸಿ ನೋಡಿ ಹೂಂ ಅಂದಮೇಲೆಯೇ ಬಿಡುಗಡೆ. ಇದು ಅಲ್ಲಿಯ ಕಟ್ಟಳೆ. ಒಬ್ಬೊಬ್ಬರೇ ಬಿಟ್ಟುಹೋಗಿ, ಈಗ ಉಳಿದವರು ಅವಳು ಮತ್ತು ಖಾನಾಪುರದ ಮನಿಷಾ. ಮನಿಷಾಳ ಹಳೇ ಕಂಪ್ಯೂಟರಿನಲ್ಲಿ ಆ ಸಾಫ್ಟ್‌ವೇರ್ ಅರ್ಧಕ್ಕೇ ನಿಲ್ಲುತ್ತಿತ್ತು. ಸರಿಮಾಡಿ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಪದ್ಮಶ್ರೀ ಇಡೀ ಚಳಿಗಾಲವನ್ನು ಅದಕ್ಕೇ ಸುರಿದು ಈ ಹೊಸ ಆವೃತ್ತಿ ಮಾಡಿದ್ದಳು.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ,” ಎಂದಳು ಮನಿಷಾ. “ಆ ಕಂಪ್ಯೂಟರ್ ಮೊನ್ನೆ ಗುಜರಿಗೆ ಹಾಕಿ ಹೊಸಾದು ತಗೊಂಡ್ವಿರಿ.”

ಪದ್ಮಶ್ರೀ ಮೌಸಿನ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. “ಮತ್ತ ಹೂಂ ಯಾರ್ ಅನ್ನೂದು?”

“ನಾ ಹಂಗ ಬರದ್ ಬಿಡ್ತೀನ್ರಿ. ಯಾರ್ ನೋಡಾಕ ಬರ್ತಾರ?”

“ಖರೇನ ಯಾರೂ ಬರಂಗಿಲ್ಲ. ಆದ್ರೂ ನೋಡದ ಹೂಂ ಅನಬ್ಯಾಡ ತಂಗಿ. ಹೊಸಾದ್ರಾಗರ ಓಡಿಸಿ ನೋಡು.”

ಫೋನಿನಲ್ಲಿ ಕೀಲಿಗಳ ಟಪಟಪ, ಹೊರಗೆಲ್ಲೋ ಬಸ್ಸಿನ ಹಾರ್ನು. ಅಜ್ಜಿಯ ಕಥೆಗಳಲ್ಲಾಗಿದ್ದರೆ ಇಂಥ ಹೊತ್ತಿಗೆ ಒಂದು ಬಾಗಿಲು ತೆರೆಯುತ್ತಿತ್ತು.

“ನಡೀತ್ರಿ,” ಎಂದಳು ಮನಿಷಾ. “ಆದ್ರ ಅಕ್ಕಾರ, ಇದರಾಗ ಹಳೇ ಆವೃತ್ತೀನೂ ನಡೀತಿತ್ರಿ.”

“ಗೊತ್ತೈತಿ,” ಎಂದಳು ಪದ್ಮಶ್ರೀ. ಪರದೆಯ ಮೇಲೆ ಮನಿಷಾಳ ಹೂಂ ಮೂಡುವವರೆಗೆ ಕಾದು, ಬಿಡುಗಡೆಯ ಗುಂಡಿ ಒತ್ತಿದಳು.