ಶಾಮಲಮ್ಮನ ಕೈ

"ಕೆಲಸ ಇಲ್ಲದವರು ಕೈ ಎತ್ರಪ್ಪ," ಎಂದರು ಶಾಸಕರು, ಹುತ್ತೂರಿನ ಸ್ಕೂಲ್ ಜಗಲಿಯ ಮೇಲೆ ನಿಂತು. "ಹುಡುಗರಿಗೆ ಕೆಲಸ ಕೊಡದ ಸರ್ಕಾರ ತೆರಿಗೆ ಮಾತ್ರ ಯಾವ ಬಾಯಲ್ಲಿ ಕೇಳುತ್ತೆ? ನಿಮ್ಮ ಹೆಸರು ಹಿಡಿದೇ ವಿಧಾನಸಭೆಯಲ್ಲಿ ಕೇಳ್ತೀನಿ."

ಅಲ್ಲೊಂದು ಇಲ್ಲೊಂದು ಕೈ ಮೇಲೆದ್ದಿತು. ಬಿ.ಎ. ಮಾಡಿ ಕೋಲಾರದಲ್ಲಿ ಕೆಲಸಕ್ಕೆ ಅಲೆಯುತ್ತಿದ್ದ ಕದಿರೇಶ ಮಾತ್ರ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡ. ಮಗ ಅಲ್ಲಿ ಗುಮಾಸ್ತ ಎಂದು ಅಮ್ಮ ಊರಿಗೆಲ್ಲ ಹೇಳಿಕೊಂಡಿದ್ದಳು. ಎಲ್ಲರೆದುರು ಅವಳ ಮಾತು ಸುಳ್ಳಾಗುವುದಕ್ಕಿಂತ ತನ್ನ ಹೆಸರು ಬಿಟ್ಟುಹೋಗುವುದೇ ವಾಸಿ ಅನ್ನಿಸಿತು ಅವನಿಗೆ.

ಆಗ ಹೆಂಗಸರ ನಡುವಿನಿಂದ ಒಂದು ಕೈ ಎದ್ದಿತು. ರೇಷ್ಮೆಹುಳಕ್ಕೆ ಸೊಪ್ಪು ಕೊಯ್ದು ಕೊಯ್ದು ಬೆರಳೆಲ್ಲ ಕರೆಗಟ್ಟಿದ ಕೈ.

"ನಿನಗೂ ಕೆಲಸ ಬೇಕೇನಮ್ಮ?" ಶಾಸಕರು ನಕ್ಕರು.

"ನಂಗೆ ಹುಳದ ಕೆಲಸವೇ ಮುಗಿಯಲ್ಲ ಸ್ವಾಮಿ. ಇದು ನನ್ನ ಮಗಂದು."

"ಏನ್ ಶಾಮಲಕ್ಕ, ಗುಮಾಸ್ತ ಅಂದಿದ್ದೆ?" ಪಕ್ಕದ ಮನೆಯ ಭಾರತಮ್ಮ ಕುಟುಕಿದಳು.

"ಅಂದಿದ್ದೆ. ಸುಳ್ಳು ಕಣೇ," ಎಂದಳು ಶಾಮಲಮ್ಮ, ಕೈ ಇಳಿಸದೆ. ಆಮೇಲೆ ಮಗನ ಕಡೆ ತಿರುಗಿದಳು. "ಲೇ ಕದಿರೇಶ, ನನ್ನ ರಟ್ಟೆ ನೋಯ್ತದೆ. ನೀನೇ ಎತ್ತೋ."