ಅಂಗೈ ಮೇಲಿನ ತೊಟ್ಟು

ಅವನು ಮೀನಿನ ಮೊದಲ ತುಂಡು ಬಾಯಿಗಿಟ್ಟದ್ದೇ ತಡ, ಹೆಂಡತಿ ಅವನ ಮುಖವನ್ನೇ ದಿಟ್ಟಿಸತೊಡಗಿದಳು. ಅವಳ ತಟ್ಟೆ ಇನ್ನೂ ಹಾಗೇ ಇತ್ತು.

“ಹೇಗಿದೆ ರೀ?”

ಅವನು ಅಗಿಯುತ್ತಲೇ ಪಕ್ಕದ ಮೇಜಿನತ್ತ ಕಳ್ಳನೋಟ ಬೀರಿದ. ಅಲ್ಲಿದ್ದ ದಪ್ಪ ಮನುಷ್ಯ ಅದೇ ಮೀನನ್ನು ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದ.

“ತುಂಬಾ ಚೆನ್ನಾಗಿದೆ. ಗರಿಗರಿಯಾಗಿ ಕರಿದಿದ್ದಾರೆ.”

ಆಮೇಲಷ್ಟೇ ಅವಳು ತಿಂದಳು. “ಹೌದು, ಗರಿಗರಿಯಾಗಿದೆ,” ಎಂದಳು.

ಇವಳಿಗೆ ಗುಮಾನಿ ಬಂದಿದೆ, ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡ ಅವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ.

ಊರಲ್ಲಿ ಅವನದೊಂದು ಸಣ್ಣ ಊಟದ ಮನೆ. ಗಿರಾಕಿಗಳು ಅವನನ್ನು ಕರೆಯುತ್ತಿದ್ದುದೇ ಹದಗಾರ ಎಂದು. ಉಪ್ಪು, ಹುಳಿ, ಖಾರ ಯಾವುದೂ ಚಿಟಿಕೆಯಷ್ಟೂ ಆಚೀಚೆ ಆಗದ ಕೈ. ಆ ಹದಗಾರನ ನಾಲಿಗೆ ಈಗ ಸತ್ತಿತ್ತು. ಚಳಿಗಾಲದ ಕೊನೆಗೆ ಬಂದ ಕೆಟ್ಟ ಜ್ವರ ಮನೆಯನ್ನೆಲ್ಲ ಮಲಗಿಸಿ, ಹೋಗುವಾಗ ಅವನ ಬಾಯಿರುಚಿಯನ್ನೂ ಗಂಟುಕಟ್ಟಿಕೊಂಡು ಹೋಗಿತ್ತು. ಬಿಸಿ, ತಣ್ಣಗೆ, ಗಟ್ಟಿ, ಮೆತ್ತಗೆ ಇಷ್ಟು ಗೊತ್ತಾಗುತ್ತದೆ. ಉಳಿದದ್ದೆಲ್ಲ ಹತ್ತಿ ಜಗಿದ ಹಾಗೆ.

ಹೇಳಿಕೊಳ್ಳುವುದು ಯಾರಿಗೆ? ಕಣ್ಣಿಲ್ಲದವನನ್ನು ಕಾವಲಿಗೆ ಯಾರು ಇಟ್ಟುಕೊಳ್ಳುತ್ತಾರೆ? ಇಷ್ಟು ದಿನ ಅವನ ಮಾನ ಕಾಪಾಡಿದ್ದು ಒಂದು ಹಳೆಯ ರೂಢಿ. ಮದುವೆಯಾದ ಹೊಸತರಿಂದಲೂ, ಪಾತ್ರೆ ಒಲೆಯಿಂದ ಇಳಿಯುವ ಮೊದಲು ಸೌಟಿನ ತುದಿಯಿಂದ ಒಂದು ತೊಟ್ಟನ್ನು ಅವನು ಹೆಂಡತಿಯ ಅಂಗೈಗೆ ಬಿಡುತ್ತಿದ್ದ. ಅವಳು ನೆಕ್ಕಿ ಸರಿ ಎಂದ ಮೇಲೆಯೇ ಬಡಿಸುವುದು. ಮೊದಲೆಲ್ಲ ಅದು ಬರೀ ಪ್ರೀತಿಯ ಶಾಸ್ತ್ರ. ಈಗ ಅದೇ ಅವನ ಊರುಗೋಲು. ಅಂದಾಜಿನಲ್ಲಿ ಉಪ್ಪು ಹಾಕಿ, ಉಸಿರು ಬಿಗಿಹಿಡಿದು ಅವಳ ಬಾಯನ್ನೇ ನೋಡುತ್ತಿದ್ದ.

“ನಿಮ್ಮ ಕೈ ಯಾವತ್ತು ತಪ್ಪಿದೆ? ಸರಿಯಾಗಿದೆ,” ಎನ್ನುತ್ತಿದ್ದಳು.

ಒಂದು ದಿನವೂ ಹೆಚ್ಚು, ಕಡಿಮೆ ಎಂದವಳಲ್ಲ. ಆ ನಂಬಿಕೆಯನ್ನು ಕಂಡಾಗಲೆಲ್ಲ ನಾಚಿಕೆಯಿಂದ ಅವನ ಮೈ ಹಿಡಿಯಾಗುತ್ತಿತ್ತು. ಕೈಹಿಡಿದವಳ ನಾಲಿಗೆಯನ್ನು ಕದ್ದು ಬಾಳುತ್ತಿದ್ದೇನೆ ಎನಿಸುತ್ತಿತ್ತು.

ಆದರೂ ಗಿರಾಕಿಗಳು ಕರಗಿದರು. ದಿನಾ ಬರುತ್ತಿದ್ದ ದರ್ಜಿ ಒಂದು ಮಧ್ಯಾಹ್ನ ಅರ್ಧ ತಟ್ಟೆ ಬಿಟ್ಟು ಎದ್ದವನು ಮತ್ತೆ ಬರಲಿಲ್ಲ. ಎದುರು ಸಾಲಿನಲ್ಲಿ ಹೊಸ ಹೋಟೆಲು ತೆರೆದಿತ್ತು; ಜನ ಬಣ್ಣದ ದೀಪಕ್ಕೆ ಮರುಳಾದರು ಎಂದು ಹದಗಾರ ಸಮಾಧಾನ ಮಾಡಿಕೊಂಡ. ಅಡುಗೆ ಕೆಟ್ಟಿರಲು ಸಾಧ್ಯವೇ ಇಲ್ಲ. ಹೆಂಡತಿ ರುಚಿ ನೋಡಿದ್ದಳಲ್ಲ.

“ಬಡಿಸಿ ಬಡಿಸಿ ಸೊರಗಿದ್ದೀರಿ. ಹೋಗಿ, ಯಾರಾದ್ರೂ ಬಡಿಸಿದ್ದನ್ನ ತಿಂದು ಬನ್ನಿ,” ಎಂದು ಈ ಪುಟ್ಟ ನಗರಕ್ಕೆ ಟಿಕೆಟ್ಟು ತೆಗೆಸಿ ಕೊಟ್ಟವಳು ಹೆಂಡತಿಯ ಅಕ್ಕ. ತಿನ್ನುವುದಕ್ಕೂ ಕುಡಿಯುವುದಕ್ಕೂ ಹೆಸರಾದ ಊರು. ಹೆಂಡತಿಯೂ ಮೊದಲು ಹಿಂಜರಿದಿದ್ದಳು. ಅಂಗಡಿ ಮುಚ್ಚುವ ಚಿಂತೆ ಇರಬೇಕು ಎಂದುಕೊಂಡಿದ್ದ.

ಶನಿವಾರವೆಲ್ಲ ಹೀಗೇ ಕಳೆಯಿತು. ಬೇಕರಿಯಲ್ಲಿ ಬ್ರೆಡ್ಡು ಮುರಿದರೂ “ಹೇಗಿದೆ ರೀ?”, ಸೂಪು ಬಂದರೂ “ಹೇಗಿದೆ ರೀ?” ಅವನು ಅಕ್ಕಪಕ್ಕದವರ ಮುಖ ಓದಿ ಉತ್ತರ ಕೊಡುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಅವಳು ನಕ್ಕಷ್ಟೂ ಅವನ ಮನಸ್ಸು ಚುರುಗುಟ್ಟುತ್ತಿತ್ತು.

ಭಾನುವಾರ ಬೆಳಿಗ್ಗೆ ಕೆರೆ ದಂಡೆಯ ಹಣ್ಣಿನ ರಸದವನು ಕೈ ಒರೆಸಿಕೊಳ್ಳುತ್ತ ಬಂದ. “ಇದರಲ್ಲಿ ಎರಡು ಹಣ್ಣು ಬೆರೆಸಿದೀನಿ. ಯಾವ್ಯಾವುದು ಹೇಳಿ ನೋಡೋಣ. ಹೇಳ್ದೋರಿಗೆ ಇನ್ನೊಂದು ಲೋಟ ನನ್ನ ಕಡೆಯಿಂದ.”

ಹದಗಾರನ ಬಾಯಲ್ಲಿದ್ದ ರಸ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಷ್ಟರಲ್ಲಿ ಹೆಂಡತಿ ಅವನ ತೋಳು ಹಿಡಿದು ಎಬ್ಬಿಸಿದಳು. “ಬನ್ನಿ, ಬಿಸಿಲೇರ್ತಿದೆ, ಹೊರಡೋಣ.” ಲೋಟ ಅರ್ಧಕ್ಕೇ ಉಳಿಯಿತು.

ದಾರಿಯುದ್ದಕ್ಕೂ ಅವನಿಗೆ ಅದೇ ಯೋಚನೆ. ಎಲ್ಲ ಗೊತ್ತಿದ್ದೂ ನನ್ನ ಮರ್ಯಾದೆ ಉಳಿಸಿದಳು. ಇಂಥವಳ ಮುಂದೆ ಇನ್ನೆಷ್ಟು ದಿನ ಈ ವೇಷ? ಇವತ್ತು ಹೇಳಿಬಿಡಬೇಕು.

ಊರಿಗೆ ಮರಳುವ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಮೂಲೆಯಲ್ಲಿ ಒಬ್ಬ ಮುದುಕಿಯ ಟೀ ಅಂಗಡಿ. ಅವಳ ಸೊಸೆ ಎರಡು ಲೋಟ ತಂದಿಟ್ಟು ಹೋದಳು.

“ನಿನ್ನ ಹತ್ರ ಒಂದು ಮಾತು ಹೇಳ್ಬೇಕು ಕಣೇ.”

“ಟೀ ಆರುತ್ತೆ, ಮೊದಲು ಕುಡೀರಿ,” ಎಂದು ಅವಳು ನೆಲ ನೋಡುತ್ತ ಗಟಗಟ ಕುಡಿದಳು. “ಚೆನ್ನಾಗಿದೆ. ಸಕ್ಕರೆ ಒಂಚೂರು ಮುಂದಾಯ್ತು ಅಷ್ಟೇ.”

ಅವನೂ ಕುಡಿದು ಮುಗಿಸಿದ. ಬಾಯಿ ಅಭ್ಯಾಸಬಲದಿಂದ ಸುಳ್ಳು ಹೇಳಿಬಿಟ್ಟಿತು: “ಹೌದು, ಒಂಚೂರು ಮುಂದಾಗಿದೆ.”

ಅಷ್ಟರಲ್ಲಿ ಆಚೆ ಬೆಂಚಿನ ಕಂಡಕ್ಟರು ಥೂ ಎಂದು ಉಗುಳಿ ಎದ್ದು ನಿಂತ. ಮುದುಕಿ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು.

“ಅಯ್ಯೋ, ಕುಡೀಬೇಡಿ ಸ್ವಾಮಿ. ಹೊಸ ಸೊಸೆ, ಸಕ್ಕರೆ ಡಬ್ಬಿಗೆ ಉಪ್ಪು ತುಂಬಿಬಿಟ್ಟಿದ್ದಾಳೆ. ಬಾಯಿಗಿಡೋಕಾಗಲ್ಲ.”

ಹದಗಾರನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬರಿದಾದ ಲೋಟ ಅವನ ಕೈಯಲ್ಲೇ ಇತ್ತು. ಅಡಗಿಸಿಡಲು ಜಾಗವಿರಲಿಲ್ಲ. ತಲೆ ತಗ್ಗಿಸಿ ಕಾದ. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ.

ಅವಳು ಕೇಳಲಿಲ್ಲ. ಕೊನೆಗೆ ಅವನೇ ತಲೆ ಎತ್ತಿದ.

ಹೆಂಡತಿಯೂ ತಲೆ ತಗ್ಗಿಸಿ ಕೂತಿದ್ದಳು. ಅವಳ ಲೋಟದಲ್ಲೂ ಒಂದು ತೊಟ್ಟು ಉಳಿದಿರಲಿಲ್ಲ.