ಕ್ಯಾಮೆರಾದ ಕುಂಕುಮ

ಕಂಪ್ಯೂಟರ್ ಗೇಮಿನೊಳಗೆ ಮೈಸಮೇತ ಕೂಲಿಗೆ ಹೋದವರು, ಆಟದ ಮೇಲೆ ತೆರೆದುಕೊಳ್ಳುವ ಓವರ್‌ಲೇ ಕಿಟಕಿಯಿಂದಲೇ ಹೊರಬರಬೇಕು. ಗದಗಿನ ಕಾಶವ್ವನ ಕಂಪ್ಯೂಟರಿನಲ್ಲಿ ಅದು ತೆರೆಯುತ್ತಿಲ್ಲ. ಒಳಗಿರುವ ಗಂಡ ಫಕೀರಪ್ಪನಿಗೆ ಉಳಿದ ಗಾಳಿ ಆರೇ ನಿಮಿಷದ್ದು.

“ಶಿಫ್ಟ್, ಟ್ಯಾಬ್ ಎರಡೂ ಒತ್ತಿದೆ. ಬಂದ್ ಮಾಡಿ ಚಾಲೂ ಮಾಡ್ಲೇನ್ರಿ?” ಎಂದು ಫೋನಿನಲ್ಲಿ ಕೇಳಿದಳು.

“ಬ್ಯಾಡ್ರಿ ಅಕ್ಕಾರ! ಒಳಗಿದ್ದವ್ರು ಅಳಿಸಿ ಹೋಗ್ತಾರ,” ಎಂದು ರಿಪೇರಿಯ ರಜಾಕ್ ಚೀರಿದ. “ಕ್ಯಾಮೆರಾಕ್ಕ ನಿಮ್ಮ ಮುಖ ಕಂಡ್ರಷ್ಟ ಅದು ತೆರೀತೈತಿ. ಏನರ ಅಡ್ಡ ಐತೇನು?”

ಬೆಳಿಗ್ಗೆ ಆಯುಧಪೂಜೆಯಲ್ಲಿ ಕ್ಯಾಮೆರಾಕ್ಕೆ ಅವಳೇ ಕುಂಕುಮ ಹಚ್ಚಿದ್ದಳು.

“ಕುಂಕುಮ ಐತ್ರಿ.”

“ಒರಸ್ರಿ!”

ಗಂಡನ ಜೀವ ತೂಗುತ್ತಿರುವಾಗ ತನ್ನ ಕೈಯಾರೆ ಕುಂಕುಮ ಒರೆಸುವುದೇ? ಕಾಶವ್ವ ಕಣ್ಣು ಮುಚ್ಚಿ ಸೆರಗಿನಿಂದ ಒರೆಸಿಬಿಟ್ಟಳು.

ಕಿಟಕಿ ತೆರೆಯಿತು. ಫಕೀರಪ್ಪ ಏದುಸಿರು ಬಿಡುತ್ತ ನೆಲಕ್ಕೆ ಬಿದ್ದ.

“ನೀರು...”

“ತಡೀರಿ,” ಎಂದವಳು, ಸೆರಗಿಗಂಟಿದ ಕೆಂಪನ್ನು ಮೊದಲು ಹಣೆಗೆ ಒತ್ತಿಕೊಂಡಳು.